ಸೋಲಿನ ವರದಿಯ ಮೂರನೇ ಅನುಬಂಧ

ಚುನಾವಣೆಯ ಫಲಿತಾಂಶ ಬಂದ ಮೂರನೇ ವಾರಕ್ಕೆ ಮಹೇಂದ್ರನಿಗೆ ಬೆಂಗಳೂರಿನ ಪಕ್ಷದ ಕಚೇರಿಯಿಂದ ಪತ್ರ ಬಂತು. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕುಗಳ ಉಸ್ತುವಾರಿ ಅವನದಾಗಿತ್ತು. ಎರಡರಲ್ಲೂ ಪಕ್ಷ ಸೋತಿತ್ತು. ಸೋಲಿಗೆ ಕಾರಣವೇನೆಂದು ವಿವರವಾದ ವರದಿ ಕೊಡಬೇಕು, ಆಮೇಲೆ ವೀಕ್ಷಕರೊಬ್ಬರು ಬಂದು ವಿಚಾರಿಸುತ್ತಾರೆ ಎಂದು ಪತ್ರದಲ್ಲಿತ್ತು.

ಮಹೇಂದ್ರ ತಾಂಡವಪುರದ ದೊಡ್ಡ ಜಮೀನಿನ ಮನೆಯವನು. ಐವತ್ತರ ಹತ್ತಿರದ ವಯಸ್ಸು. ಸೋಲಿನ ಕಾರಣ ಅವನಿಗೆ ಗೊತ್ತಿರಲಿಲ್ಲ ಎಂದಲ್ಲ, ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕಷ್ಟವಿದ್ದದ್ದೇ ಅಲ್ಲಿ. ಯಾವ ಕಾರಣ ಬರೆಯಲು ಕೂತರೂ ಎರಡನೇ ಸಾಲಿಗೆ ತನ್ನ ಹೆಸರು ಬಂದುಬಿಡುತ್ತಿತ್ತು. ಎರಡು ದಿನ ಹಾಗೂ ಹೀಗೂ ಬರೆದು ಹರಿದುಹಾಕಿ, ಕೊನೆಗೆ ಯಾರೋ ಹೇಳಿದರೆಂದು ಮೈಸೂರಿಗೆ ಹೋಗಿ ಪ್ರೊಫೆಸರ್ ಶಿವಸ್ವಾಮಿಯವರನ್ನು ಕಂಡ.

ಶಿವಸ್ವಾಮಿಯವರು ಮಾನವಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ಒಂದೊಂದು ನಾಡಿನ ಜನಕ್ಕೂ ಒಂದೊಂದು ಸ್ವಭಾವವಿರುತ್ತದೆ, ಅದು ತೊಟ್ಟಿಲಲ್ಲೇ ತಯಾರಾಗುತ್ತದೆ, ಆ ಜನ ಎಂಥ ಸರ್ಕಾರ ತರುತ್ತಾರೆ ಎಂಬುದನ್ನು ಅದರಿಂದಲೇ ಹೇಳಬಹುದು ಎಂದು ಅವರು ಮೂವತ್ತು ವರ್ಷ ಪಾಠ ಮಾಡಿದ್ದರು. ಯುದ್ಧದ ಕಾಲದಲ್ಲಿ ಕೆಲವು ವಿದೇಶಿ ವಿದ್ವಾಂಸರು ತಮ್ಮ ಊರಿನ ಗ್ರಂಥಾಲಯದಲ್ಲಿ ಕೂತು ಶತ್ರುದೇಶದ ಜನರ ಸ್ವಭಾವವನ್ನು ಹೀಗೆ ಪತ್ತೆಹಚ್ಚಿದ್ದರಂತೆ. ತಾಯಂದಿರು ಕೂಸಿಗೆ ಎಷ್ಟು ಬಿಗಿಯಾಗಿ ಬಟ್ಟೆ ಸುತ್ತುತ್ತಾರೆ ಎಂಬುದರಿಂದ ಇಡೀ ದೇಶ ಒಬ್ಬ ನಾಯಕನಿಗೆ ಯಾಕೆ ತಲೆಬಾಗುತ್ತದೆ ಎಂದು ವಿವರಿಸಿದ್ದರಂತೆ. ಶಾಸ್ತ್ರದವರು ಈ ವಾದವನ್ನು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಶಿವಸ್ವಾಮಿಯವರಿಗೂ ಅದು ತಿಳಿಯದ್ದಲ್ಲ. ಆದರೆ ನೋಟ್ಸು ಟೈಪಾಗಿತ್ತು, ಹೊಸದಾಗಿ ಟೈಪು ಮಾಡಿಸಲು ಅವರಿಗೆ ಮನಸ್ಸಾಗಿರಲಿಲ್ಲ.

ಮಹೇಂದ್ರ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಕೇಳಿ ಅವರೆಂದರು, "ಪಕ್ಷ ಸೋತಿದ್ದು ನಿಮ್ಮಿಂದ ಅಲ್ಲ ಮಹೇಂದ್ರ. ಜನರ ತೊಟ್ಟಿಲಿನಿಂದ."

ಮಾತಿನ ಎರಡನೇ ಭಾಗ ಮಹೇಂದ್ರನಿಗೆ ಅರ್ಥವಾಗಲಿಲ್ಲ. ಮೊದಲನೆಯದೇ ಅವನಿಗೆ ಸಾಕಾಗಿತ್ತು.

ಹಳ್ಳಿ ಸುತ್ತುವ ಕೆಲಸಕ್ಕೆ ಪ್ರೊಫೆಸರು ತಮ್ಮ ಹಳೆಯ ವಿದ್ಯಾರ್ಥಿನಿ ರಂಜಿನಿಯನ್ನು ಕರೆಸಿದರು. ರಂಜಿನಿಯ ಊರು ಹುಲ್ಲಹಳ್ಳಿಯಿಂದ ಎರಡು ಮೈಲಿ. ಅವಳ ತಾತನ ಕಾಲದಲ್ಲೇ ಮನೆಯವರು ಬೌದ್ಧರಾಗಿದ್ದರು. ಅವಳು ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಆಗ ರಜೆ ನಡೆಯುತ್ತಿತ್ತು. ಎರಡೂ ತಾಲ್ಲೂಕಿನ ದಾರಿ ಗೊತ್ತು, ಮಾತು ಗೊತ್ತು. ಮುಂದೆ ಪಿಎಚ್‌ಡಿಗೆ ಸೇರಬೇಕಾದರೆ ಪ್ರೊಫೆಸರರ ಶಿಫಾರಸು ಪತ್ರ ಬೇಕು ಎಂಬುದೂ ಗೊತ್ತು. ಒಪ್ಪಿಕೊಂಡಳು.

ಪ್ರೊಫೆಸರು ಅರವತ್ತೊಂದು ಪ್ರಶ್ನೆಗಳ ಪಟ್ಟಿ ಕೊಟ್ಟರು. ಕೂಸಿನ ಕೈಕಾಲನ್ನು ಎಷ್ಟು ತಿಂಗಳವರೆಗೆ ಸುತ್ತಿಡುತ್ತೀರಿ, ಅತ್ತರೆ ಎಷ್ಟು ನಿಮಿಷಕ್ಕೆ ಎತ್ತಿಕೊಳ್ಳುತ್ತೀರಿ, ಮೊಲೆ ಬಿಡಿಸಲು ಏನು ಹಚ್ಚುತ್ತೀರಿ, ಬಯಲಿಗೆ ಕೂರುವುದನ್ನು ಯಾವ ವಯಸ್ಸಿನಲ್ಲಿ ಕಲಿಸುತ್ತೀರಿ, ಹೀಗೆ. ಚುನಾವಣೆಯ ವಿಷಯವೇ ಅದರಲ್ಲಿರಲಿಲ್ಲ. ಓಟು ಹಾಕಿದ್ದು ಯಾಕೆ, ಹಾಕದಿದ್ದದ್ದು ಯಾಕೆ ಎಂದು ಒಂದು ಪ್ರಶ್ನೆ ಸೇರಿಸಬಹುದೇ ಎಂದು ರಂಜಿನಿ ಕೇಳಿದಳು. ತಾವು ಮಾಡಿದ್ದನ್ನು ಯಾಕೆ ಮಾಡಿದೆವೆಂದು ಜನಕ್ಕೆ ತಿಳಿದಿರುವುದಿಲ್ಲ, ತಿಳಿಯುವುದು ಶಾಸ್ತ್ರಕ್ಕೆ ಮಾತ್ರ ಎಂದು ಪ್ರೊಫೆಸರು ನಕ್ಕು, ಬೇಕಾದರೆ ಕೊನೆಯಲ್ಲಿ ಹಾಕಿಕೋ ಎಂದರು. ಅದು ಅರವತ್ತೆರಡನೆಯ ಪ್ರಶ್ನೆಯಾಯಿತು.

ಮೊದಲ ಹದಿನೈದು ದಿನ ತಿ. ನರಸೀಪುರದ ಕಡೆಯ ಹಳ್ಳಿಗಳು. ಕಪಿಲೆ ಬಂದು ಕಾವೇರಿಗೆ ಸೇರುವುದು ಅಲ್ಲಿಯೇ ಆದ್ದರಿಂದ ಅಲ್ಲಿನವರದು ಸೇರಿಕೊಳ್ಳುವ ಸ್ವಭಾವ, ಯಾರು ಗೆಲ್ಲುತ್ತಾರೋ ಅವರ ಜೊತೆ ಸೇರಿಬಿಡುತ್ತಾರೆ ಎಂದು ಪ್ರೊಫೆಸರು ಕಾರು ಊರು ಮುಟ್ಟುವ ಮೊದಲೇ ತೀರ್ಮಾನಿಸಿದ್ದರು. ಹಿಂದಿನ ಎರಡು ಸಲ ಅಲ್ಲಿಯವರು ರಾಜ್ಯದಲ್ಲಿ ಸೋತ ಪಕ್ಷಕ್ಕೇ ಹೆಚ್ಚು ಓಟು ಹಾಕಿದ್ದರೆಂದು ರಂಜಿನಿ ನೆನಪಿಸಿದಳು. ಎರಡು ನದಿ ಸೇರುವ ಕಡೆ ಸುಳಿಯೂ ಇರುತ್ತದೆ ಎಂದು ಅವರು ಉತ್ತರ ಕೊಟ್ಟರು.

ಅಲ್ಲಿ ಜವರಯ್ಯ ಎಂಬ ರೈತ ಸಿಕ್ಕಿದ. ಭತ್ತ ಬೆಳೆಯುತ್ತಿದ್ದ, ನಾಲ್ಕು ಹಸು ಕಟ್ಟಿದ್ದ. ನಿಮ್ಮ ತಾಯಿ ಎಷ್ಟನೇ ತಿಂಗಳಿಗೆ ನಿಮಗೆ ಹಾಲು ಬಿಡಿಸಿದರು ಎಂದು ಪ್ರೊಫೆಸರು ಕೇಳಿದಾಗ ಅವನು ಹೆಂಡತಿ ದೇವೀರಮ್ಮನ ಮುಖ ನೋಡಿ, ಆಮೇಲೆ ಹೇಳಿದ.

"ನಂಗೆಂಗೊತ್ತಾಯ್ತದೆ ಸಾ? ಅವ್ವ ಓಗಿ ಇಪ್ಪತ್ತು ವರ್ಸಾಯ್ತು. ನೀವು ವಸಿ ಮುಂಚೆ ಬರ್ಬೇಕಿತ್ತು."

ಅರವತ್ತೊಂದು ಪ್ರಶ್ನೆಗೆ ಹೂಂ, ಉಹೂಂ ಎಂದು ಮುಗಿಸಿದವನು ಅರವತ್ತೆರಡನೆಯದಕ್ಕೆ ಮುಕ್ಕಾಲು ಗಂಟೆ ಮಾತಾಡಿದ. ಭತ್ತ ಖರೀದಿ ಕೇಂದ್ರ ತೆರೆದದ್ದು ಭತ್ತವೆಲ್ಲ ವ್ಯಾಪಾರಿಗಳ ಪಾಲಾದ ಮೇಲೆ. ಅದಕ್ಕೂ ಮುಂಚೆ ಹದಿನಾಲ್ಕು ಜನ ಕೂಡಿಕೊಂಡು ಮೂರು ಸಲ ಮಹೇಂದ್ರನ ಮನೆಗೆ ಹೋಗಿದ್ದರು. ಮೂರು ಸಲವೂ ಗೇಟಿನಾಚೆಯೇ ನಿಲ್ಲಿಸಿದ್ದ. ಮೂರನೆಯ ಸಲ ಕಾರಿನ ಗಾಜು ಇಳಿಸಿ, ಯುಗಾದಿ ಆಗಲಿ ನೋಡೋಣ ಎಂದು ಹೇಳಿ ಹೋಗಿದ್ದ. ಗಾಜನ್ನೂ ಅರ್ಧವೇ ಇಳಿಸಿದ್ದು ಎಂದು ದೇವೀರಮ್ಮ ತಿದ್ದಿದಳು.

ರಂಜಿನಿ ಅಷ್ಟನ್ನೂ ಬರೆದುಕೊಂಡಳು. ಪ್ರೊಫೆಸರು ತಮ್ಮ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ಗೇಟಿನ ಬಳಿ ನಿಂತಾಗ ತಂದೆಯ ಕುರಿತ ಬಾಲ್ಯದ ಭಯ ಮರುಕಳಿಸಿದೆ.

ಮುಂದಿನ ವಾರಗಳಲ್ಲಿ ನಂಜನಗೂಡಿನ ಕಡೆಗೆ ಬಂದರು. ಹುಲ್ಲಹಳ್ಳಿ ಸುತ್ತಿನವರ ಬಗ್ಗೆಯೂ ಸಿದ್ಧಾಂತ ತಯಾರಾಗಿತ್ತು. ಇವರದು ನಾಲೆಯ ನೀರಿನ ಬೇಸಾಯ. ಮೇಲೆ ಯಾರೋ ತೂಬು ಎತ್ತಿದರೆ ಇಲ್ಲಿ ನೀರು ಬರುತ್ತದೆ, ತಾಯಿ ಎತ್ತಿಕೊಂಡರೆ ಕೂಸಿಗೆ ಹಾಲು ಸಿಗುವ ಹಾಗೆ. ಆದ್ದರಿಂದ ಇವರು ಕಾಯುವ ಜನ, ಕಾದದ್ದು ಸಿಗದಿದ್ದರೆ ಮುನಿಸಿಕೊಳ್ಳುವ ಜನ. ಈ ಸಿದ್ಧಾಂತಕ್ಕೆ ಪುರಾವೆಯಾಗಿ ಒಂದು ಕೂಸಿನ ಸ್ನಾನವನ್ನು ಕಣ್ಣಾರೆ ನೋಡಬೇಕೆಂದು ಪ್ರೊಫೆಸರು ಹೇಳಿದರು. ರಂಜಿನಿಯ ಅತ್ತಿಗೆ ಮಧುಶ್ರೀಗೆ ಎರಡು ತಿಂಗಳ ಮಗಳಿದ್ದಳು. ದಿನವೂ ನೀರು ಹಾಕುತ್ತಿದ್ದದ್ದು ರಂಜಿನಿಯ ಅಜ್ಜಿ ಮಂಚಮ್ಮ. ಬೇರೆ ದಾರಿಯಿಲ್ಲದೆ ರಂಜಿನಿ ಅವರನ್ನು ಮನೆಗೇ ಕರೆದುಕೊಂಡು ಹೋದಳು.

ಮಂಚಮ್ಮ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಬಿಸಿನೀರು ಹುಯ್ದಳು. ಕೂಸು ಕಿರುಚಿತು. ಪ್ರೊಫೆಸರು ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಸಮಯ ಹಿಡಿದರು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಅತ್ತ ಕೂಸು ಲೋಬಾನದ ಹೊಗೆ ತಾಕಿಸಿ ಬಟ್ಟೆ ಸುತ್ತಿದ ಕೂಡಲೇ ಮಲಗಿಬಿಟ್ಟಿತು. ಪ್ರೊಫೆಸರಿಗೆ ಬಹಳ ಸಂತೋಷವಾಯಿತು. ಐದು ವರ್ಷ ಅಳುವುದು, ಆಮೇಲೆ ಯಾರು ಬಿಗಿಯಾಗಿ ಸುತ್ತುತ್ತಾರೋ ಅವರ ತೋಳಲ್ಲಿ ಮಲಗುವುದು, ನಮ್ಮ ಮತದಾರನ ಇಡೀ ಚರಿತ್ರೆ ಇದೇ ಎಂದು ರಂಜಿನಿಗೆ ಮೆಲ್ಲಗೆ ವಿವರಿಸಿದರು. ಮಧುಶ್ರೀ ಅದನ್ನು ಕೇಳಿಸಿಕೊಂಡು, ನಮ್ಮ ಕೂಸಿಗೆ ಹದಿನೆಂಟು ತುಂಬಬೇಕಲ್ಲ ಅಂದಳು.

ನಡುಮನೆಯಲ್ಲಿ ಕೂತ ಮೇಲೆ ಅರವತ್ತೆರಡನೆಯ ಪ್ರಶ್ನೆ ಬಂತು. ಮಂಚಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಪ್ರಚಾರದ ಹೊತ್ತಿನ ಒಂದು ಮಧ್ಯಾಹ್ನದ ಕತೆ ಹೇಳಿದಳು. ದಲಿತರ ಮನೆಯಲ್ಲಿ ಊಟ ಮಾಡುತ್ತೇವೆ ಎಂದು ಪಕ್ಷದವರು ಊರಿಗೆ ಹೇಳಿಕಳಿಸಿದ್ದರು. ಯಾರೋ ಮಂಚಮ್ಮನ ಮನೆಯನ್ನು ತೋರಿಸಿದ್ದರು. ಅವಳು ಕೋಳಿ ಕೂಗುವ ಹೊತ್ತಿಗೆ ಎದ್ದು, ಸೊಪ್ಪು ಬಿಡಿಸಿ, ಇಪ್ಪತ್ತು ಜನಕ್ಕಾಗುವಷ್ಟು ಉಪ್ಸಾರು ಕಾಯಿಸಿ, ಮುದ್ದೆ ಕಟ್ಟಿದ್ದಳು. ಮೂರು ಕಾರು ಬಂದವು. ಹಿಂದಿನ ಕಾರಿನಿಂದ ನಂಜನಗೂಡಿನ ಹೋಟೆಲಿನ ಡಬ್ಬಗಳು ಇಳಿದವು, ಎಲೆ ಇಳಿಯಿತು, ನೀರಿನ ಬಾಟಲಿ ಇಳಿಯಿತು. ಮಹೇಂದ್ರ ಅವಳ ಚಾಪೆಯ ಮೇಲೆ ಕೂತು ಹೋಟೆಲಿನ ಅನ್ನ ಉಂಡ. ಮಾರನೆಯ ದಿನ ಫೋಟೋ ಎಲ್ಲ ಕಡೆ ಬಂದಿತ್ತು.

"ನಾವು ಬನ್ನಿ ಅಂದಿರ್ನಿಲ್ಲ ಸಾ," ಎಂದಳು ಮಂಚಮ್ಮ. "ಉಣ್ಣೋಕೆ ಬತ್ತೀವಿ ಅಂದೋರು ಅವ್ರೇಯ. ಉಣ್ಣದೇ ಇದ್ರೆ ಬ್ಯಾಡ, ಬುಡ್ಲಿ. ಓಟ್ಲು ಅನ್ನುಕ್ಕೆ ನನ್ ಕೈಲಿ ಸೌಟು ಇಡ್ಸಿ ಫೋಟೋ ಯಾಕ್ ತಗಿಸ್ಕಬೇಕಿತ್ತು?"

ಪ್ರೊಫೆಸರು ಮುಂದೆ ಬಾಗಿ ಕೇಳಿದರು, "ಆ ಹೊತ್ತಿನಲ್ಲಿ ನಿಮಗೆ ಚಿಕ್ಕಂದಿನ ಯಾವ ನೆನಪು ಬಂತು?"

"ಚಿಕ್ಕಂದಿಂದೇನೂ ಬರ್ನಿಲ್ಲ ಸಾ. ಅಷ್ಟು ಉಪ್ಸಾರು ಈಗ ಯಾರ್ಗೆ ಉಯ್ಯನ ಅಂತ ಯೋಚ್ನೆ ಬಂತು."

ಅದನ್ನು ಅವರು ಬರೆದುಕೊಳ್ಳಲಿಲ್ಲ. ಹೊತ್ತು ಒಂದು ಗಂಟೆಯಾಗಿತ್ತು. ಊಟ ಮಾಡಿಕೊಂಡು ಹೋಗಿ ಎಂದು ಮಧುಶ್ರೀ ಕರೆದಳು. ತಮಗೆ ಸಕ್ಕರೆ ಕಾಯಿಲೆ, ಮನೆಯ ಊಟ ಬಿಟ್ಟು ಬೇರೆ ಮುಟ್ಟುವುದಿಲ್ಲ, ಕಾರಿನಲ್ಲಿ ಡಬ್ಬಿ ಇದೆ ಎಂದು ಪ್ರೊಫೆಸರು ಬಹಳ ವಿನಯದಿಂದ ಹೇಳಿದರು. ಮಂಚಮ್ಮ ತಲೆಯಾಡಿಸಿ ಒಳಗೆ ಹೋದಳು. ಹಿಂದಿನ ದಿನ ಮಹೇಂದ್ರನ ಮನೆಯಲ್ಲಿ ಇದೇ ಪ್ರೊಫೆಸರು ಎರಡು ಸಲ ಪಾಯಸ ಹಾಕಿಸಿಕೊಂಡದ್ದನ್ನು ರಂಜಿನಿ ನೋಡಿದ್ದಳು. ಕಾರಿನವರೆಗೂ ಅವರ ಚೀಲ ಹಿಡಿದುಕೊಂಡು ಹೋಗಿ ಕೊಟ್ಟು, ತಾನು ಮನೆಗೆ ವಾಪಸು ಬಂದು ಅಜ್ಜಿಯ ಪಕ್ಕದಲ್ಲಿ ಕೂತು ಉಂಡಳು.

ವರದಿ ನೂರ ಎಂಬತ್ತು ಪುಟವಾಯಿತು. 'ಕಪಿಲಾ–ಕಾವೇರಿ ಜನಸ್ವಭಾವ ಮತ್ತು ಮತದಾನ' ಎಂದು ಹೆಸರು. ಈ ಜನರ ತೊಟ್ಟಿಲು, ನಾಲೆ, ಸಂಗಮ ಇವುಗಳನ್ನು ನೋಡಿದರೆ ಸೋಲು ಅನಿವಾರ್ಯವಾಗಿತ್ತು, ಯಾವ ಉಸ್ತುವಾರಿ ಇದ್ದಿದ್ದರೂ ತಪ್ಪಿಸಲಾಗುತ್ತಿರಲಿಲ್ಲ ಎಂಬುದು ಅದರ ಸಾರ. ಇಂಥ ಜನರ ನಡುವೆ ಇಷ್ಟಾದರೂ ಓಟು ತಂದವರನ್ನು ಪಕ್ಷ ಕೈಬಿಡಬಾರದು ಎಂದು ಕೊನೆಯಲ್ಲಿ ಶಿಫಾರಸಿತ್ತು.

ಹಿಂದೆ ಸೇರಿಸುವ ಅನುಬಂಧಗಳನ್ನು ರಂಜಿನಿ ತಯಾರಿಸಬೇಕಾಗಿತ್ತು. ಮೊದಲನೆಯದು ಪ್ರಶ್ನೆಗಳ ಪಟ್ಟಿ, ಎರಡನೆಯದು ಕೋಷ್ಟಕಗಳು, ಮೂರನೆಯದು ಜನರ ಹೇಳಿಕೆಗಳು. ಅನುಬಂಧವನ್ನು ಯಾರೂ ಓದುವುದಿಲ್ಲ, ದಪ್ಪ ಕಂಡರೆ ಸಾಕು ಎಂದು ಪ್ರೊಫೆಸರು ಹೇಳಿದ್ದರು. ಹೇಳಿಕೆಗಳಿಗೆ ಅವರು ತಮ್ಮದೇ ಹಣೆಪಟ್ಟಿಗಳನ್ನು ಕೊಟ್ಟಿದ್ದರು. ಮಂಚಮ್ಮನ ಮಾತಿಗೆ 'ಶೈಶವದ ಆಹಾರ ಸಂಬಂಧಿ ಅತೃಪ್ತಿ' ಎಂದಿತ್ತು.

ರಂಜಿನಿ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಶಿಫಾರಸು ಪತ್ರದ ಯೋಚನೆಯೂ ಬಂತು. ಆಮೇಲೆ ಹಣೆಪಟ್ಟಿಗಳನ್ನೆಲ್ಲ ಬದಿಗಿಟ್ಟು, ಇನ್ನೂರ ಹದಿನಾಲ್ಕು ಜನ ಅರವತ್ತೆರಡನೆಯ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಅವರವರ ಮಾತಿನಲ್ಲೇ, ಹೆಸರು ಬಿಟ್ಟು ವಯಸ್ಸು, ಕಸುಬು ಮಾತ್ರ ಹಾಕಿ, ಮೂರು ದಿನ ಕೂತು ಟೈಪು ಮಾಡಿದಳು. ಮುದ್ರಣಕ್ಕೆ ಕೊಡುವ ಮುಂಚೆ ಪ್ರೊಫೆಸರರ ಮುಂದೆ ಇಟ್ಟಳು. ಹೇಳಿಕೆಗಳನ್ನು ಪೂರ್ತಿ ಹಾಕಿದ್ದೇನೆ ಸರ್ ಎಂದೂ ಹೇಳಿದಳು. ಅವರು ಬೆರಳಿನಲ್ಲಿ ದಪ್ಪ ಅಳೆದು, ಚೆನ್ನಾಗಿದೆ ಎಂದರು.

ವೀಕ್ಷಕರಾಗಿ ಬಂದವರು ನಟರಾಜ್ ಎಂಬ ವಯಸ್ಸಾದ ಮುಖಂಡರು. ನಂಜನಗೂಡಿನ ಒಂದು ಛತ್ರದಲ್ಲಿ ಸಭೆ. ಅರವತ್ತು ಎಪ್ಪತ್ತು ಕಾರ್ಯಕರ್ತರು ಸೇರಿದ್ದರು. ಪ್ರೊಫೆಸರು ಪರದೆಯ ಮೇಲೆ ತೊಟ್ಟಿಲುಗಳ ಚಿತ್ರ ತೋರಿಸುತ್ತ ಬಿಗಿ ತೊಟ್ಟಿಲು, ಸಡಿಲ ತೊಟ್ಟಿಲು ಎಂದು ವಿವರಿಸತೊಡಗಿದರು. ನಟರಾಜರಿಗೆ ತೂಕಡಿಕೆ ಬರುವ ಹಾಗಾಗಿ, ಪತ್ರಿಕೆಯನ್ನು ಹಿಂದಿನ ಪುಟದಿಂದ ಓದುವವರ ಹಾಗೆ, ಕೈಯಲ್ಲಿದ್ದ ವರದಿಯನ್ನು ಹಿಂದಿನಿಂದ ತಿರುವತೊಡಗಿದರು. ಸ್ವಲ್ಪ ಹೊತ್ತಿಗೆ ಕನ್ನಡಕ ಹಾಕಿಕೊಂಡರು. ಇನ್ನೂ ಸ್ವಲ್ಪ ಹೊತ್ತಿಗೆ ನಗತೊಡಗಿದರು. ಪ್ರೊಫೆಸರು ಮಾತು ನಿಲ್ಲಿಸಿದರು.

ನಟರಾಜ್ ಅರ್ಧ ಇಳಿದ ಕಾರಿನ ಗಾಜಿನ ಮಾತನ್ನು ಗಟ್ಟಿಯಾಗಿ ಓದಿದರು. ಕಾರ್ಯಕರ್ತರು ನೆಲ ನೋಡಿದರು. ಹಿಂದಿನ ಸಾಲಿನಲ್ಲಿ ಯಾರಿಗೋ ಕೆಮ್ಮು ಬಂತು. ಎದುರು ಪಕ್ಷದವರು ಹೇಳಿಕೊಟ್ಟದ್ದು ಅದು ಎಂದು ಮಹೇಂದ್ರ ಎದ್ದು ನಿಂತ. ಪ್ರೊಫೆಸರು ಅವನ ಸಹಾಯಕ್ಕೆ ಬಂದು, ಅವು ಕಾರಣಗಳಲ್ಲ ಸರ್, ಬರೀ ಲಕ್ಷಣಗಳು, ದೂರುವುದೇ ಈ ಜನರ ಸ್ವಭಾವ ಎಂದರು.

ನಟರಾಜ್ ಪುಟ ತಿರುವುತ್ತ ರಂಜಿನಿಯ ಕಡೆ ನೋಡಿದರು. "ಉಪ್ಸಾರು ಕಾಯಿಸಿಟ್ಟಿದ್ದ ಹೆಂಗಸು ನಿಜವಾಗಲೂ ಇದ್ದಾರಾ ಅಮ್ಮ, ಅಥವಾ ನೀನು ಸೇರಿಸಿದ್ದಾ?"

ಇಡೀ ಛತ್ರ ಅವಳತ್ತ ತಿರುಗಿತು. ಹೆಸರು ಬಿಟ್ಟದ್ದು ಅವಳೇ. ಆದರೂ ಈಗ ಸುಮ್ಮನಿದ್ದರೆ ಕಟ್ಟುಕತೆ ಎಂದಾಗಿಬಿಡುತ್ತದೆ.

"ಇದ್ದಾರೆ ಸರ್," ಎಂದಳು. "ನಮ್ಮಜ್ಜಿ."

ಮಹೇಂದ್ರ ಮೆಲ್ಲಗೆ ಕೂತ. ಅಂದಿನ ಸಭೆಯಲ್ಲಿ ತೊಟ್ಟಿಲಿನ ಮಾತು ಮತ್ತೆ ಬರಲಿಲ್ಲ. ಅವನ ಕತೆ ಮುಗಿಯಿತೆಂದು ಕಾರ್ಯಕರ್ತರು ಹೊರಗೆ ಚಹ ಕುಡಿಯುತ್ತ ಮಾತಾಡಿಕೊಂಡರು. ಇಬ್ಬರಂತೂ ಮುಂದಿನ ಉಸ್ತುವಾರಿ ತಾವೇ ಎಂಬಂತೆ ಫ್ಲೆಕ್ಸ್ ಮಾಡಿಸುವ ಅಂಗಡಿಗೂ ಫೋನು ಮಾಡಿದರು.

ಎರಡು ವಾರಕ್ಕೆ ಬೆಂಗಳೂರಿನಿಂದ ಆದೇಶ ಬಂತು. ಪಕ್ಷ ವರದಿಯನ್ನು ಒಪ್ಪಿಕೊಂಡಿತ್ತು. ಸ್ಥಳೀಯ ಜನರ ಸ್ವಭಾವದ ಆಳವಾದ ಅರಿವಿದೆಯೆಂದು ಮಹೇಂದ್ರನನ್ನು ಜಿಲ್ಲಾ ಉಪಾಧ್ಯಕ್ಷನನ್ನಾಗಿ ಮಾಡಿತ್ತು.

ನಟರಾಜ್ ಆ ಸಂಜೆ ರಂಜಿನಿಗೆ ಫೋನು ಮಾಡಿದರು. ಹಾಗೆ ಮಾಡಬೇಕಾದ್ದೇನೂ ಇರಲಿಲ್ಲ, ಆದರೂ ಮಾಡಿದರು. "ನೀನು ಟೈಪು ಮಾಡಿದ್ದು ಪೂರ್ತಿ ಓದಿದೆ ಅಮ್ಮ. ಎಲ್ಲ ನಿಜ. ಅದನ್ನ ಒಪ್ಪಿಕೊಂಡ್ರೆ ಮಹೇಂದ್ರನ್ನ ತೆಗೀಬೇಕು. ಅವನ್ನ ಉಸ್ತುವಾರಿ ಮಾಡಿದೋರು ಯಾರು ಅಂತ ಆಮೇಲೆ ಕೇಳ್ತಾರೆ. ನಾನೇ ಮಾಡಿದ್ದು. ಜನರ ಸ್ವಭಾವ ಅಂದ್ರೆ ಯಾರನ್ನೂ ತೆಗೀಬೇಕಾಗಿಲ್ಲ."

ರಂಜಿನಿ ಸರಿ ಸರ್ ಎಂದು ಫೋನು ಇಟ್ಟುಬಿಟ್ಟಳು. ಆಮೇಲೆ, ಸರಿ ಎಂದದ್ದೇಕೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಶಿವಸ್ವಾಮಿಯವರು ಶಿಫಾರಸು ಪತ್ರ ಕೊಡಲಿಲ್ಲ. ರಂಜಿನಿಗೆ ಶಾಸ್ತ್ರೀಯ ಮನೋಭಾವ ಸಾಲದು ಎಂದು ಅವರು ಬೇರೆಯವರ ಹತ್ತಿರ ಹೇಳಿದ್ದು ಅವಳ ಕಿವಿಗೂ ಬಿತ್ತು. ಮಂಚಮ್ಮನಿಗೆ ಎಲ್ಲವನ್ನೂ ಹೇಳಿದಾಗ, ಆವಪ್ಪ ಈಗ ಉಪಾಧ್ಯಕ್ಷನಾ ಎಂದು ಎರಡು ಸಲ ಕೇಳಿ, ಮತ್ತೆ ಅಕ್ಕಿ ಆರಿಸತೊಡಗಿದಳು.

ಅಷ್ಟರಲ್ಲಿ ಮೂರನೇ ಅನುಬಂಧ ತನ್ನ ದಾರಿ ತಾನು ಹಿಡಿದಿತ್ತು. ಫ್ಲೆಕ್ಸ್‌ಗೆ ಫೋನು ಮಾಡಿ ನಿರಾಶರಾದ ಇಬ್ಬರಲ್ಲಿ ಒಬ್ಬ ಅದರ ಪುಟಗಳ ಫೋಟೋ ತೆಗೆದು ವಾಟ್ಸಾಪಿಗೆ ಬಿಟ್ಟಿದ್ದ. ವರದಿಯ ನೂರ ಎಂಬತ್ತು ಪುಟದಲ್ಲಿ ಒಂದನ್ನೂ ಓದದ ಎರಡೂ ತಾಲ್ಲೂಕಿನವರು ಅದನ್ನು ಬಸ್‌ಸ್ಟ್ಯಾಂಡಿನಲ್ಲಿ, ಡೇರಿಯ ಮುಂದೆ, ಹುಲ್ಲಹಳ್ಳಿಯ ಸಂತೆಯಲ್ಲಿ ಓದಿ ಇದು ಇಂಥವರದು, ಅದು ಅಂಥವರದು ಎಂದು ಗುರುತು ಹಿಡಿದರು. ಹೆಸರು ಬಿಟ್ಟಿದ್ದು ಯಾವ ಪ್ರಯೋಜನಕ್ಕೂ ಬರಲಿಲ್ಲ. ರಂಜಿನಿ ಹೆದರಿ ಜವರಯ್ಯನ ಮನೆಗೆ ಕ್ಷಮೆ ಕೇಳಲು ಹೋದಳು. ಅವನು ಬೇಸರ ಮಾಡಿಕೊಂಡಿದ್ದು ನಿಜ, ಆದರೆ ಅದು ಬೇರೆ ಕಾರಣಕ್ಕೆ. ತಾನು ಹೇಳಿದ್ದನ್ನು ಊರಲ್ಲಿ ಇನ್ನೊಬ್ಬ ತನ್ನದೆಂದು ಹೇಳಿಕೊಂಡು ತಿರುಗುತ್ತಿದ್ದ.

ಗೆದ್ದ ಪಕ್ಷದವರ ಕೈಗೂ ಅದು ಸಿಕ್ಕಿತು. ಜನ ಯಾತಕ್ಕೆ ಓಟು ತಪ್ಪಿಸುತ್ತಾರೆ ಎಂಬ ಪಟ್ಟಿ ಯಾವ ಶ್ರಮವೂ ಇಲ್ಲದೆ ಸಿಕ್ಕಿತ್ತು, ಮುಂದಿನ ಸಲ ಅದೇ ಮಾತು ತಮಗೂ ಬರಬಹುದೆಂಬ ಭಯವೂ ಹತ್ತಿತು. ಆ ವರ್ಷ ಭತ್ತ ಖರೀದಿ ಕೇಂದ್ರ ಕೊಯ್ಲಿಗೆ ಮುಂಚೆಯೇ ತೆರೆಯಿತು. ಉದ್ಘಾಟನೆಗೆ ಬಂದವರು ಕಾರಿನಿಂದ ನೂರು ಹೆಜ್ಜೆ ದೂರದಲ್ಲೇ ಇಳಿದು ನಡೆದು ಬಂದರು.

ಇದಾದ ಹತ್ತೇ ದಿನಕ್ಕೆ ಶಿವಸ್ವಾಮಿಯವರು ಪತ್ರಿಕೆಗೆ ಒಂದು ಲೇಖನ ಬರೆದರು. ಸಂಗಮದ ಜನ ತಮ್ಮ ಸ್ವಭಾವದ ಬಲದಿಂದಲೇ ಖರೀದಿ ಕೇಂದ್ರ ತೆರೆಸಿದರು, ಇದನ್ನು ತಮ್ಮ ವರದಿ ಮೊದಲೇ ಸೂಚಿಸಿತ್ತು ಎಂದು ಅದರಲ್ಲಿತ್ತು. ಗೆದ್ದ ಪಕ್ಷದವರು ಅದನ್ನು ಓದಿ, ನಾವು ಗೆದ್ದಿದ್ದು ಯಾಕೆ ಎಂದು ನಮಗೂ ಒಂದು ವರದಿ ಮಾಡಿಕೊಡಿ ಎಂದು ಕೇಳಿದರು. ತೊಟ್ಟಿಲು ಅದೇ, ನಾಲೆ ಅದೇ, ಸಂಗಮ ಅದೇ. ಸೋಲು ಇದ್ದ ಕಡೆಯಲ್ಲೆಲ್ಲ ಗೆಲುವು ಎಂದು ಬದಲಿಸಿದರೆ ಮುಗಿಯಿತು. ಹಳೆಯದನ್ನು ಮರೆತವರಂತೆ ಪ್ರೊಫೆಸರು ರಂಜಿನಿಗೂ ಫೋನು ಮಾಡಿದರು. ಅರವತ್ತೆರಡನೆಯ ಪ್ರಶ್ನೆಯನ್ನು ಮೊದಲನೆಯದಾಗಿ ಮಾಡಿ, ಉತ್ತರವನ್ನು ಮೊದಲ ಅಧ್ಯಾಯಕ್ಕೆ ಹಾಕುವುದಾದರೆ ಬರುತ್ತೇನೆ ಎಂದು ಅವಳು ಹೇಳಿದಳು. ಶಾಸ್ತ್ರ ಅದಕ್ಕೆ ಒಪ್ಪುವುದಿಲ್ಲ ಎಂದು ಅವರು ಬೇರೆ ವಿದ್ಯಾರ್ಥಿಯನ್ನು ಹುಡುಕಿಕೊಂಡರು.

ಕಾಲೇಜಿನಲ್ಲಿ ಎರಡನೇ ಸೆಮಿಸ್ಟರ್ ಶುರುವಾಗಿ ತಿಂಗಳಾಗಿತ್ತು. ಒಂದು ಮಧ್ಯಾಹ್ನ ತರಗತಿ ಮುಗಿಸಿ ಬಂದಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ಅರವತ್ತು ದಾಟಿದ ಒಬ್ಬರು ಬಿಳಿ ಪಂಚೆ ಉಟ್ಟು ನಿಂತಿದ್ದರು. ದೊಡ್ಡಮಾದಯ್ಯ ಎಂದು ಹೆಸರು, ಚಿಕ್ಕಯ್ಯನಛತ್ರದ ಕಡೆಯವರು, ಎರಡು ಬಸ್ಸು ಬದಲಿಸಿ ಬಂದಿದ್ದರು.

"ಅದೇನೋ ಪುಸ್ತಕದಲ್ಲಿ ಎಲ್ರ ಮಾತ್ನೂ ಆಕಿದ್ದೀರಂತೆ ಮೇಡಂ," ಎಂದರು. "ನಮ್ಮೂರ ಕಡೆಗೆ ನೀವು ಬರ್ಲೇ ಇಲ್ವಲ್ಲ. ನಾವೂ ಓಟಾಕಿದ್ದೀವಿ."

ವರದಿ ಮುಗಿದು ಆರು ತಿಂಗಳಾಯಿತು, ಈಗ ಅದಕ್ಕೆ ಏನನ್ನೂ ಸೇರಿಸಲಾಗುವುದಿಲ್ಲ ಎಂದು ರಂಜಿನಿ ಹೇಳಿದಳು. ಅದು ಪರವಾಗಿಲ್ಲ, ಬರೆದಿಟ್ಟುಕೊಳ್ಳಿ ಎಂದರು ಅವರು. ಅವಳು ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಹಾಜರಿ ಪುಸ್ತಕದ ಕೆಳಗಿದ್ದ ನೋಟ್‌ಬುಕ್ ತೆಗೆದಳು. ದೊಡ್ಡಮಾದಯ್ಯನವರು ಕೆರೆಯ ವಿಷಯದಿಂದ ಶುರುಮಾಡಿದರು. ಹೂಳು ತೆಗೆಯುತ್ತೇವೆಂದು ಬಂದವರು ಏರಿಯ ಮಣ್ಣನ್ನೇ ಹೊತ್ತೊಯ್ದದ್ದು, ಕೇಳಲು ಹೋದವರ ಮೇಲೆ ಕೇಸು ಹಾಕಿಸಿದ್ದು, ಒಂದೊಂದನ್ನೂ ಇಸವಿ ಸಮೇತ ಹೇಳಿದರು. ಐದು ಗಂಟೆಗೆ ಅಟೆಂಡರು ಬಾಗಿಲು ಹಾಕಲು ಬಂದ. ಕೆರೆಯ ಮಾತು ಇನ್ನೂ ಮುಗಿದಿರಲಿಲ್ಲ. ಇಬ್ಬರೂ ಬಸ್‌ಸ್ಟ್ಯಾಂಡಿನವರೆಗೆ ನಡೆದುಹೋಗಿ, ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತು ಮುಂದುವರಿಸಿದರು.